ನಲವತ್ತನೆಯ ಚೀಟಿ

"ಇದು ನಿಮ್ಮ ಅಕ್ಷರ ತಾನೇ?"

ವಿಚಾರಣೆಗೆ ಬಂದಿದ್ದ ಅಧಿಕಾರಿ ಮೇಡಂ ಚೀಟಿಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. ಕಾಲರ್ ಅಕ್ಕ ಅದನ್ನು ಓದಬೇಕಾಗಿಯೇ ಇರಲಿಲ್ಲ. ಏಳನೇ ತರಗತಿಗೆ ನಿಂತುಹೋದ ಅವಳ ದುಂಡಗಿನ ಅಕ್ಷರ ಆ ಶರ್ಟು ಕಾರ್ಖಾನೆಗೆಲ್ಲ ಗೊತ್ತಿತ್ತು. 'ಇಂದು ಸಂಜೆ ಹೆಚ್ಚುವರಿ ಕೆಲಸ ಮಾಡಲು ನನ್ನ ಸ್ವಂತ ಇಚ್ಛೆಯಿಂದ ಒಪ್ಪಿರುತ್ತೇನೆ.' ಕೆಳಗೆ ತಂಗಿಯ ಸಹಿ.

ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತು ಕಾಲರ್ ಹೊಲಿದವಳು, ಮ್ಯಾನೇಜರ್ ಕೋಣೆಯ ಬೆನ್ನಿರುವ ಕುರ್ಚಿಯಲ್ಲಿ ಹೇಗೆ ಕೂರಬೇಕೋ ತಿಳಿಯದೆ ತುದಿಯಲ್ಲಿ ಕೂತಿದ್ದಳು. ಗೋಡೆಗೆ ಒರಗಿ ತಂಗಿ ನಿಂತಿದ್ದಳು. ಪುಟ್ಟ ಆಳು, ಗುಬ್ಬಿ ಎಂದೇ ಎಲ್ಲರೂ ಕರೆಯುವುದು. ಮೂರು ವಾರದ ಹಿಂದೆ ಇದೇ ಕಟ್ಟಡದಲ್ಲಿ, ಚೆಕಿಂಗ್ ಮೇಜಿನ ಪಕ್ಕ, ಶರ್ಟುಗಳ ರಾಶಿಯ ಮುಂದೆ ಅವಳ ಆರು ತಿಂಗಳ ಬಸಿರು ಇಳಿದುಹೋಗಿತ್ತು. ದೂರು ಕೊಟ್ಟವಳು ಅವಳೇ. ಚೀಟಿ ತಾನು ಕೊಟ್ಟದ್ದಲ್ಲ ಎಂದಷ್ಟೇ ಹೇಳಿದ್ದಳು, ಬರೆದದ್ದು ಯಾರೆಂದು ಬಾಯಿ ಬಿಟ್ಟಿರಲಿಲ್ಲ. ಪರಿಹಾರ ಏನು ಬೇಕೆಂದು ಕೇಳಿದಾಗ ಅವಳು ಅಂದದ್ದು ಇಷ್ಟೇ: "ದುಡ್ಡು ಬೇಡ ಮೇಡಂ. ನಾನಾಗಿ ನಾನು ನಿಂತಿದ್ದಲ್ಲ ಅಂತ ಒಂದು ಕಾಗದದಲ್ಲಿ ಬರ್ಕೊಡಿ ಸಾಕು. ಮನೇಲಿ ಅತ್ತೆಗೆ ತೋರಿಸ್ಬೇಕು."

ಅತ್ತೆ ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು: "ಎರಡು ಗಂಟೆ ಓಟಿ ದುಡ್ಡಿನ ಆಸೆಗೆ ಹೊಟ್ಟೇಲಿದ್ದ ಕೂಸನ್ನೇ ತಿಂದು ಬಂದ್ಲು ನಮ್ಮನೆ ಮಹಾರಾಣಿ." ಗಂಡ ತಾಯಿಗೆ ಎದುರಾಡುವವನಲ್ಲ. ಈಚೆಗೆ ಹೆಂಡತಿಯ ಜೊತೆಗೂ ಮಾತು ಬಿಟ್ಟಿದ್ದ.

ಚೀಟಿಯ ಕಥೆ ಹೀಗೆ. ಬಟ್ಟೆ ಕೊಳ್ಳುವ ದೂರದ ಕಂಪನಿಯವರು ಬಲವಂತದ ದುಡಿಮೆ ಕೂಡದು ಎಂದರು. ಸರಿ, ಬಲವಂತ ನಿಂತಿತು, ಚೀಟಿ ಬಂತು. ಹೊಲಿಗೆ ಯಂತ್ರಗಳ ಒಂದು ಲೈನಿಗೆ ನಲವತ್ತು ಹೆಂಗಸರು, ನಲವತ್ತು ಚೀಟಿ. ಒಂದು ಕಡಿಮೆಯಾದರೂ ಆ ವಾರವೆಲ್ಲ ಇಡೀ ಲೈನಿಗೆ ಓಟಿ, ಅಂದರೆ ಹೆಚ್ಚುವರಿ ಕೆಲಸ, ಇಲ್ಲ. ಓಟಿ ಇಲ್ಲದ ಸಂಬಳದಲ್ಲಿ ಬಾಡಿಗೆ ಕೊಟ್ಟರೆ ಅಕ್ಕಿ ಇಲ್ಲ, ಅಕ್ಕಿ ತಂದರೆ ಬಾಡಿಗೆ ಇಲ್ಲ. ಹೀಗಾಗಿ ಮಾಲೀಕನಿಗೆ ಕಾವಲುಗಾರರ ಖರ್ಚೇ ಉಳಿಯಿತು. ಒಬ್ಬಳಿಗೆ ಉಳಿದ ಮೂವತ್ತೊಂಬತ್ತು ಜನರೇ ಕಾವಲು. ಊಟದ ಬಿಡುವಿನಲ್ಲಿ ಕಾಲರ್ ಅಕ್ಕ ಎಲ್ಲರ ಚೀಟಿ ಬರೆಯುತ್ತಿದ್ದಳು, ಉಳಿದವರು ಸಹಿ ಗೀಚುತ್ತಿದ್ದರು.

ಮೂರು ವಾರದ ಹಿಂದೆ ಆ ದಿನ ಗುಬ್ಬಿ ಬಂದು ಹೇಳಿದಳು: "ಅಕ್ಕ, ಇವತ್ತು ನಂದು ಬರೀಬೇಡ. ಸೊಂಟ ಹಿಡ್ಕೊಂಡಿದೆ. ಸೀದಾ ಹೋಗಿ ಮಲಗ್ತೀನಿ."

"ಹ್ಞೂಂ, ಹೋಗು," ಎಂದಿದ್ದಳು ಅಕ್ಕ.

ಆಮೇಲೆ ಸೂಪರ್‌ವೈಸರ್ ಬಂದ. 'ಬೇಗಬೇಗ' ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಮಾತೇ ಇಲ್ಲದ್ದರಿಂದ ಅದೇ ಅವನ ಹೆಸರಾಗಿತ್ತು. ತಾಯಿಯ ಹೊಟ್ಟೆಯಿಂದಲೂ ಏಳನೇ ತಿಂಗಳಿಗೇ ಓಡಿಬಂದಿರಬೇಕು ಎಂದು ಹೆಂಗಸರು ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ.

"ಮೂವತ್ತೊಂಬತ್ತೇ ಇದೆಯಲ್ಲಮ್ಮ? ನಿಮ್ಮಿಷ್ಟ. ನನಗೇನು, ಈ ವಾರ ಐದಕ್ಕೆ ಮನೆಗೆ ಹೋಗಿ ಎಲ್ಲರೂ. ಬೇಗಬೇಗ ಹೇಳಿ!"

ಪಾಕೆಟ್ ಹೊಲಿಯುವವಳು ಕಾಲರ್ ಅಕ್ಕನ ಕಡೆ ತಿರುಗಿದಳು. "ನಿನ್ ತಂಗಿಗೆ ಗಂಡ ದುಡಿದು ಹಾಕ್ತಾನೆ. ನನ್ ಮಗನ ಫೀಸು ಯಾರಪ್ಪ ಕಟ್ತಾನೆ?"

"ನಾವೂ ಬಸುರೀಲೇ ಹೊಲ್ದಿದ್ದು ತಾಯಿ. ಸತ್ತೋದ್ವಾ?" ಎಂದಳು ಗುಂಡಿ ಹಚ್ಚುವ ಅಜ್ಜಿ.

ಗುಬ್ಬಿ ಆಗ ಶೌಚಾಲಯದ ಸಾಲಿನಲ್ಲಿ ನಿಂತಿದ್ದಳು. ಅಕ್ಕ ಅವಳ ಚೀಟಿ ಬರೆದಳು. ತಂಗಿಗೆ ಸಹಿ ಮಾಡಲು ಕಲಿಸಿದವಳೂ ತಾನೇ, ಅದನ್ನೂ ಹಾಕಿದಳು. ಎರಡು ಗಂಟೆ ತಾನೇ, ಅಂದುಕೊಂಡಳು.

ಐದಕ್ಕೆ ಗುಬ್ಬಿ ಗೇಟ್ ಪಾಸ್ ಕೇಳಿದಾಗ ಸೂಪರ್‌ವೈಸರ್ 'ಬೇಗಬೇಗ' ಚೀಟಿ ಹಿಡಿದು ತೋರಿಸಿದ: "ನೀನೇ ಕೊಟ್ಟಿದ್ದೀಯಲ್ಲಮ್ಮ." ಗುಬ್ಬಿ ಅಕ್ಷರ ನೋಡಿದಳು. ಅಕ್ಕನ ಕಡೆ ನೋಡಿದಳು. ಅಕ್ಕ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಆಗಲೇ ಪೋಣಿಸಿದ್ದ ಸೂಜಿಗೆ. ಗುಬ್ಬಿ ಹೋಗಿ ಚೆಕಿಂಗ್ ಮೇಜಿನ ಮುಂದೆ ನಿಂತಳು.

ಈಗ ವಿಚಾರಣೆಯ ಕೋಣೆಯಲ್ಲಿ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಮೇಡಂ, ನಾವು ಯಾರನ್ನಾದ್ರೂ ಕಟ್ಟಿ ಹಾಕಿದ್ವಾ? ಇಷ್ಟ ಇದ್ದೋರು ಬರ್ತಾರೆ, ಕಷ್ಟ ಆದೋರು ಬಿಡ್ತಾರೆ. ಗೇಟಿನ ಹೊರಗೆ ನೋಡಿ, ಕೆಲಸ ಕೊಡಿ ಅಂತ ನೂರು ಜನ ನಿಂತಿದ್ದಾರೆ. ಅವರನ್ನ ನಾವು ಎಳ್ಕೊಂಡು ಬಂದ್ವಾ?"

ನಿಜ, ಯಾರೂ ಎಳೆದು ತಂದಿರಲಿಲ್ಲ. ಹಸಿವು ತಾನೇ ಕರೆತಂದು ಗೇಟಿಗೆ ಬಿಡುವಾಗ ಹಗ್ಗಕ್ಕೆ ಯಾಕೆ ದುಡ್ಡು ಸುರಿಯಬೇಕು? ಇದೇ ಮ್ಯಾನೇಜರ್ ಬೆಳಿಗ್ಗೆ ಕಾಲರ್ ಅಕ್ಕನನ್ನು ಕರೆಸಿ ಹೇಳಿದ್ದರು: "ತಂಗಿ ಬರಿ ಅಂದ್ಲು, ಬರೆದೆ ಅಂದ್ಬಿಡು. ಇನ್ನೂ ಹತ್ತು ವರ್ಷ ನೆಮ್ಮದಿಯಾಗಿ ದುಡ್ಕೋ."

"ಹೇಳಮ್ಮ," ಎಂದರು ಮೇಡಂ.

"ಅಕ್ಷರ ನಂದೇ. ಸಹಿನೂ ನಾನೇ ಹಾಕಿದ್ದು. ಅವಳು ಬೇಡ ಅಂದಿದ್ಲು."

"ಅಕ್ಕಾ..." ಎಂದಳು ಗುಬ್ಬಿ, ಸುಮ್ಮನಿರು ಎನ್ನುವ ಹಾಗೆ.

"ಬರಿ ಅಂತ ಮ್ಯಾನೇಜರ್ ಹೇಳಿದ್ರಾ?" ಎಂದರು ಮೇಡಂ. "ಸೂಪರ್‌ವೈಸರ್?"

ಕಾಲರ್ ಅಕ್ಕ ಯೋಚಿಸಿದಳು. ಆ 'ಬೇಗಬೇಗ' ಲೆಕ್ಕ ಹೇಳಿದ್ದ. ಪಾಕೆಟ್ನವಳು ಮಗನ ಮಾತೆತ್ತಿದ್ದಳು. "ಬರಿ ಅಂತ ಬಾಯಿಬಿಟ್ಟು ಹೇಳ್ಲಿಲ್ಲ ಮೇಡಂ. ಆದ್ರೆ ಒಂದು ಚೀಟಿ ಕಮ್ಮಿ ಆದ್ರೆ ಇಡೀ ಲೈನಿಗೆ..."

"ಕೇಳಿದ್ದಕ್ಕಷ್ಟೇ ಉತ್ತರ ಹೇಳು," ಎಂದರು ಮ್ಯಾನೇಜರ್.

ಮೇಡಂ ಪೆನ್ನು ನಿಂತಿತು. "ಕೇಳಿಸ್ತಮ್ಮ," ಎಂದರು ಮೆಲ್ಲಗೆ. "ಈ ಫಾರಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ." ಪೆನ್ನು ಮತ್ತೆ ಓಡಿತು.

ವಾರದೊಳಗೆ ಕಾಗದ ಬಂತು. ಕಾರ್ಖಾನೆಯ ಕಡೆಯಿಂದ ಯಾವುದೇ ಬಲವಂತ ಕಂಡುಬಂದಿಲ್ಲ. ದೂರುದಾರಳು ಒಪ್ಪಿಗೆ ಕೊಟ್ಟಿರಲಿಲ್ಲ. ಆಕೆಯ ಅಕ್ಕ ಸುಳ್ಳು ಸಹಿ ಮಾಡಿರುತ್ತಾಳೆ. ಅಕ್ಕನನ್ನು ಕೆಲಸದಿಂದ ತೆಗೆದರು. ತಂಗಿಯದೇನೂ ತಪ್ಪಿಲ್ಲವೆಂದು ಸೋಮವಾರದಿಂದ ಬರಹೇಳಿದರು.

ಗಂಡ ಆ ಕಾಗದವನ್ನು ಗಟ್ಟಿಯಾಗಿ ಓದಿದ. ಅತ್ತೆ ಎರಡೆರಡು ಸಲ ಓದಿಸಿ ಕೇಳಿದಳು. ಆಮೇಲೆ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿ ಅತ್ತಳು. "ಒಡಹುಟ್ಟಿದೋಳೇ ಹಿಂಗೆ ಮಾಡಿದ್ರೆ ನೀನೇನು ಮಾಡ್ತೀಯ ಮಗಳೇ. ಇನ್ಮೇಲೆ ಅವಳ ಮುಖ ನೋಡಿದ್ರೆ ನನ್ನಾಣೆ."

ಭಾನುವಾರ ಮಧ್ಯಾಹ್ನ, ಅತ್ತೆ ಮಲಗಿದ್ದ ಹೊತ್ತಿನಲ್ಲಿ, ಗುಬ್ಬಿ ಅಕ್ಕನ ಒಂಟಿ ಕೋಣೆಗೆ ಬಂದಳು. ಕೂರು ಎಂದರೂ ಬಾಗಿಲ ಹತ್ತಿರವೇ ನಿಂತಳು.

"ನೀನು ಬರೀದೇ ಇದ್ದಿದ್ರೂ," ಎಂದಳು, "ಆ ಪಾಕೆಟ್ನೋಳ ಮುಖ ನೋಡಿ ಸಂಜೆ ಹೊತ್ತಿಗೆ ನಾನೇ ಕೊಟ್ಬಿಡ್ತಿದ್ದೆ ಅಕ್ಕ. ಒಂದು ದಿನ ಬೇಡ ಅಂದು ನೋಡೋಣ ಅನ್ನಿಸ್ತು, ಅಷ್ಟೇ."

ತಂಗಿ ಬೈದಿದ್ದರೆ ಕಾಲರ್ ಅಕ್ಕ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆಂದೇ ಅವಳು ವಾರದಿಂದ ಕಾದಿದ್ದಳು.

"ಈ ಮಾತು ನಿಮ್ಮತ್ತೆ ಹತ್ರ ಆಡ್ಬೇಡ," ಎಂದಳು ಕೊನೆಗೆ.

"ಆಡಲ್ಲ." ಗುಬ್ಬಿ ತಲೆ ಎತ್ತಲಿಲ್ಲ. "ಅದನ್ನೇ ಹೇಳಿ ಹೋಗೋಣ ಅಂತ ಬಂದೆ. ನಾನು ಆ ಮನೇಲೇ ಇರ್ಬೇಕಲ್ಲ ಅಕ್ಕ."

ಅಕ್ಕ ಎದ್ದು ಬಾಗಿಲು ಅಷ್ಟೇ ಅಷ್ಟು ತೆರೆದು, ಓಣಿಯ ಎರಡೂ ಕಡೆ ನೋಡಿದಳು.

"ಯಾರೂ ಇಲ್ಲ," ಎಂದಳು. "ಈಗ ಹೋಗು."