ಸೋರೆಬುರುಡೆಯ ಕಣ್ಣು

ಯಾಕವ್ವಾ ನಮ್ಮದೊಂದೇ ಉರೀತಾದೆ, ಹೊಳೆ ಮೇಲೆ ಇನ್ನೂ ಬಿಸಿಲೈತೆ, ಗಂಜಾಂ ದಡದ ಈ ಮತ್ತಿ ಮರದ ತುಂಬ ಊರೋರ ಸೋರೆಬುರುಡೆ ತೂಗಾಡ್ತಾವೆ, ಒಂದ್ರಲ್ಲೂ ದೀಪ ಇಲ್ಲ, ನಂದು ಮಾತ್ರ ಹಗಲೊತ್ತಲ್ಲೇ ಹಲ್ಕಿರ್ಕೊಂಡು — ಏನ್ ಅವಸರವೋ ನಿಂಗೆ, ಮನೆಯೋರ ಬುದ್ಧೀನೇ ಬಂದದೆ. ಮನೆಮನೆಗೂ ಬೀಜ ಕೊಟ್ಟಿದ್ಲು ಸ್ನೇಹ, ಮೈಸೂರಿಂದ ಬರೋ ಬೆಳಕಿನ ಕಲೆ ಮಾಡೋ ಹುಡ್ಗಿ, ನೀವೇ ಬೆಳೀರಿ, ಒಣಗ್ಸಿ, ಬೇಕಾದಂಗೆ ತೂತು ಮಾಡಿ, ಒಳಗೆ ದೀಪ ನಾನಿಡ್ತೀನಿ, ಕತ್ತಲಾದ್ರೆ ತಾನೇ ಹತ್ಕೋತದೆ, ಗಾಳಿ ಆಡ್ಸಿದಂಗೆ ಬೆಳಕು ನೀರ್ಮೇಲೆ ಆಡ್ತದೆ ಅಂದಿದ್ಲು. ಸಾರಿಗಾಗೋ ಕಾಯಲ್ಲಿ ದೀಪವಂತೆ ಅಂತ ನಕ್ಕೋಳು ನಾನೇ, ಬಳ್ಳಿ ಹಬ್ಬಿದ್ಮೇಲೆ ಎದ್ದೋಳು ಮೊದ್ಲು ಅದ್ನೇ ನೋಡಾದು. ಕಾದ ಕಂಬೀಲಿ ಭತ್ತದ ತೆನೆ ಥರ ತೂತು ಕೊರ್ದು ಇವ್ರಿಗೆ ತೋರ್ಸಿದ್ರೆ ಗೋಡೆ ಕಡೀಕೆ ತಿರುಕ್ಕೊಂಡ್ರು — ಲಕ್ವ ಹೊಡ್ದು ಬಲಗೈಯೂ ಮಾತೂ ಹೋದ್ಮೇಲೆ ನನ್ ಗಂಡಂಗೆ ಆ ಗೋಡೆನೇ ಎಲ್ಲ, ಉಣ್ಣಿ ಅಂದ್ರೆ ಗೋಡೆ, ನಾನತ್ರೂ ಗೋಡೆ, ಒಳಗೆ ಇವ್ರು ಇನ್ನೂ ಇದ್ದಾರಾ ಇಲ್ವಾ, ಅದೊಂದು ಗೊತ್ತಾಗ್ಬೇಕು ನಂಗೆ. ಅದ್ಕೇ ಈ ಕೊಂಬೇನೇ ಬೇಕು ಅಂತ ಹಟ ಹಿಡ್ದಿದ್ದು, ಆಚೆ ದಡದ ನಮ್ಮನೆ ಕಿಟಕಿಗೆ ನೇರ, ಮಂಚ ಕಿಟಕಿಗೆ ಎಳ್ಸಿ, ಎಡಗೈ ಹತ್ರ ಹಳೇ ಟಾರ್ಚಿಟ್ಟು, ನೋಡ್ತಿರಿ ಅಂತ ಹೇಳ್ಬಂದೆ.

ಗೌರಮ್ನೋರೆ ಏನ್ಮಾಡಿದ್ರಿ, ಸ್ನೇಹ ನಗ್ತಾವ್ಳೆ, ಈ ಕರೀ ಬೊಟ್ಟೇ ಇದ್ರ ಕಣ್ಣು, ಹಗಲು ರಾತ್ರಿ ನೋಡೋದು ಇದೇ, ಅದ್ರ ಮೇಲೇ ಕುಂಕುಮ ಇಟ್ಬಿಟ್ಟಿದ್ದೀರಲ್ಲ, ರಾತ್ರಿ ಆಯ್ತು ಅನ್ಕೊಂಡದೆ. ಅಯ್ಯೋ ನನ್ ಶಿವನೇ, ಹೊಸ ಮೋಟ್ರಿಗೂ ಹಾಲಿನ ಕ್ಯಾನಿಗೂ ಇಡಲ್ವಾ, ಹಣೆ ಇದ್ದಂಗಿತ್ತು, ಎಣ್ಣೇಲಿ ಕಲ್ಸಿ ದಪ್ಪಗೆ ಇಟ್ಬುಟ್ಟೆ. ಸೆರಗಲ್ಲಿ ಒರೆಸ್ದೆ, ದೀಪ ಆರ್ತು. ಹೆಬ್ಬೆಟ್ಟು ಇಟ್ಟೆ, ಹತ್ಕೊಂತು. ಅರೆ! ತೆಗ್ದೆ, ಆರ್ತು. ಇದು ನಂಗೊತ್ತಿರಾದು, ಇದು ನಮ್ಮಿಬ್ರುದು — ಗದ್ದೆಗೆ ನೀರು ಬಿಡೋಕೆ ರಾತ್ರಿ ಕರೆಂಟು ಬಂದಾಗ್ಲೆಲ್ಲ ನಾನು ಮೋಟ್ರ ಹತ್ರ, ಇವ್ರು ಗದ್ದೆ ಕೊನೇಲಿ, ನೀರು ಮುಟ್ತಾ ಅಂತ ನಾನು ಟಾರ್ಚು ಎರಡು ಸಲ ಮಿಟುಕ್ಸಿದ್ರೆ, ಮುಟ್ತು ಕಣೇ ಅಂತ ಇವ್ರು ಹಚ್ಚಿ ಹಂಗೇ ಹಿಡ್ಕೊಳ್ಳೋರು, ಕತ್ತಲಲ್ಲಿ ಆ ಟಾರ್ಚು, ಆರಿಸ್ದೇನೇ. ಬೆಟ್ಟಿಟ್ಟೆ ತೆಗ್ದೆ, ಇಟ್ಟೆ ತೆಗ್ದೆ, ಮುಟ್ತಾ? ಕಿಟಕಿ ಕಪ್ಪಗೇ ಐತೆ. ಫೋನು ಮಾಡಿದ್ರೆ ನಾದ್ನಿ ಕುಳ್ಳಮ್ಮ, ನಾನು ಕೊಟ್ಟಿಗೇಲಿ ಹಾಲು ಕರೀತಾವ್ನಿ ಕಣತ್ಗೆ, ಅಣ್ಣಯ್ಯ ಗೋಡೆ ಕಡೀಕೇ ಮಲಗವ್ನೆ. ಮಲಗ್ಲಿ ಬುಡು, ನಂಗೇನು — ನಂಗೇ ಎಲ್ಲಾ, ಇನ್ಯಾರ್ಗೆ. ಬಿಸಿಲು ಓಯ್ತಾ ಐತೆ, ಅಗೋ ಮೇಲಿನ ಕೊಂಬೇಲಿ ಕೆಂಪಣ್ಣನ ಬುರುಡೆ ಹತ್ಕೊಂತು, ಪಕ್ಕದ್ದೂ ಹತ್ಕೊಂತು, ಜನ ಓ ಅಂತಾವ್ರೆ, ಪೂರ್ತಿ ಕತ್ತಲಾದ್ರೆ ನಂದು ಬೆಟ್ಟು ತೆಗುದ್ರೂ ಆರಲ್ಲ, ಆಮೇಲೆ ಎಂಗೆ ಕೇಳ್ಲಿ, ಇಟ್ಟೆ ತೆಗ್ದೆ, ಇಟ್ಟೆ ತೆಗ್ದೆ, ಏನ್ರೀ, ನೀರು ಮುಟ್ತಾ, ಒಂದ್ಸಲ ತಿರುಗ್ರೀ ಇತ್ಲಾಗೆ — ಅದೇನದು, ನಮ್ಮನೆ ಸೂರಲ್ಲಿ ಹಳದಿ ಬೆಳಕು, ಜಾರ್ತಾದೆ, ಗೋಡೆ ಮೇಲೆ, ಕಿಟಕಿ ಕಂಬಿ ಮೇಲೆ, ಎಡಗೈ ಅಲ್ವಾ ಗುರಿ ತಪ್ತಾದೆ, ಈಗ ನೇರ ನನ್ ಕಡೆಗೇ, ಆರಿಸ್ತಾನೇ ಇಲ್ಲ, ಹಂಗೇ ಹಿಡ್ಕೊಂಡವ್ರೆ, ಕಿಟಕೀಲಿ ಟಾರ್ಚು, ಕಿಟಕೀಲಿ ಟಾರ್ಚು