ಎಲ್ಲ ದೀಪಗಳೂ ಒಟ್ಟಿಗೆ ಕುಣಿದ ಬೆಳಿಗ್ಗೆ

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಅದಕ್ಕೆ ಎರಡು ತಿಂಗಳ ಮುಂಚೆ, ಆಡಿ ಮಾಸದಲ್ಲಿ, ನನ್ನ ಮಗಳು ಇಸಕ್ಕಿ ಡೆಂಗಿ ಜ್ವರದಿಂದ ತೀರಿಕೊಂಡಿದ್ದಳು. ಸಾವಾದ ಮನೆಯವರು ವರ್ಷ ತುಂಬುವ ತನಕ ಪೂಜೆಗೆ ಕೈ ಹಚ್ಚುವುದಿಲ್ಲ, ಆರತಿ ತೆಗೆದುಕೊಳ್ಳುವುದಿಲ್ಲ. ತೂತುಕುಡಿಯ ಮೀನು ಬಂದರಿನ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ನಾನು ಯಂತ್ರ ನಡೆಸುವ ಕೆಲಸದಲ್ಲಿದ್ದಾಗಲೂ, ಆ ಕೆಲಸ ಬಿಟ್ಟ ಮೇಲೂ, ಆಯುಧಪೂಜೆ ನನ್ನ ಕೈಯಿಂದಲೇ ಆಗುತ್ತಿತ್ತು. ಆ ಸಲ ಅದು ಆಫೀಸಿನ ಗುಮಾಸ್ತ ಸೊರಿಮುತ್ತುವಿನ ಪಾಲಿಗೆ ಹೋಯಿತು.

ದೇವಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಕೊಟ್ಟವಳು ಅವಳು, ಕರೆದುಕೊಂಡವಳೂ ಅವಳು. ಆದರೆ ಆಸ್ಪತ್ರೆಯ ಕೊನೆಯ ದಿನದ ಒಂದು ನೋಟ ನನ್ನ ಕಣ್ಣಿಂದ ಹೋಗುತ್ತಿರಲಿಲ್ಲ. ಇಸಕ್ಕಿಯ ತಲೆದೆಸೆಯಲ್ಲಿದ್ದ ಯಂತ್ರದ ಮುಖವನ್ನು ನರ್ಸು ಗೋಡೆಯ ಕಡೆ ತಿರುಗಿಸಿದ್ದಳು. ನಮಗೆ ಕಾಣುತ್ತಿದ್ದದ್ದು ಅದರ ಮೂಲೆಯ ಒಂದು ಹಸಿರು ದೀಪ ಮಾತ್ರ. ದೀಪ ಉರಿಯುತ್ತಿದೆಯಲ್ಲ ಎಂದು ನಾನು ಜಪ ಮಾಡುತ್ತ ಕೂತೇ ಇದ್ದೆ. ಅವಳ ಕೈ ತಣ್ಣಗಾದ ಮೇಲೂ ಆ ದೀಪ ಹಾಗೇ ಉರಿಯುತ್ತಿತ್ತು. ಯಂತ್ರಕ್ಕೆ ಕರೆಂಟು ಬರುತ್ತಿದೆ ಎಂಬುದಷ್ಟೇ ಅದರ ಅರ್ಥ ಎಂದು ಆಮೇಲೆ ಯಾರೋ ಹೇಳಿದರು.

ದೀಪಗಳ ವಿಷಯ ನನ್ನ ಮಗಳಿಗೆ ಗೊತ್ತಿತ್ತು. ಅದೇ ಅವಳ ಉದ್ಯೋಗ. ಪಾಲಿಟೆಕ್ನಿಕ್ ಓದಿ, ಬಂದರಿನ ಸುತ್ತಲಿನ ಆಫೀಸುಗಳ ಕಂಪ್ಯೂಟರ್ ಜಾಲವನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ನಮ್ಮ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿ ಒಬ್ಬನ ಕಣ್ಣು ಹೋದ ಮೇಲೆ, ಫ್ಯಾಕ್ಟರಿಯ ಯಜಮಾನರಾದ ಮೊದಲಾಳಿ ಅಯ್ಯಾದುರೈ ಶೀತಲ ಕೋಣೆಯೊಳಗೆ ಗ್ಯಾಸ್ ಅಳೆಯುವ ಸಾಧನ ಹಾಕಿಸಿದರು. ಅದರ ತಂತಿಯನ್ನು ಆಫೀಸಿಗೆ ಎಳೆದು, ಗೋಡೆಯ ಮೇಲೆ ಎಂಟು ತೂತಿನ ನೆಟ್‌ವರ್ಕ್ ಸ್ವಿಚ್ಚನ್ನು ಕೂರಿಸಿದವಳು ಇಸಕ್ಕಿ. ಅಂಗೈಯಗಲದ ಕಪ್ಪು ಪೆಟ್ಟಿಗೆ. ಎಲ್ಲ ತಂತಿಗಳೂ ಅಲ್ಲಿ ಬಂದು ಸೇರುತ್ತಿದ್ದವು, ಒಂದೊಂದು ತೂತಿಗೂ ಒಂದೊಂದು ಪುಟ್ಟ ದೀಪ.

ಅಂದು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ತೋರಿಸಿದ್ದಳು.

"ನೋಡಪ್ಪಾ, ದೀಪ ಸುಮ್ಮನೆ ಉರೀತಿದ್ರೆ ತಂತಿ ಕೂಡಿದೆ ಅಂತ, ಅಷ್ಟೇ. ಮಿಣುಕಿದ್ರೆ ಮಾತು ಹೋಗ್ತಿದೆ ಅಂತ. ಆರಿದ್ರೆ ಆ ಕಡೆ ಯಾರೂ ಇಲ್ಲ."

"ಹಂಗಾದ್ರೆ ಉರಿಯೋದಕ್ಕಿಂತ ಮಿಣುಕೋದೇ ಒಳ್ಳೇದಾ?"

"ಅದರದರ ನಡಿಗೆ ಅದಕ್ಕೆ. ಇದು ಕ್ಯಾಮೆರಾ, ಬಾಯಿಬಡುಕ, ಸುಮ್ಮನಿರೋದೇ ಇಲ್ಲ, ನಮ್ಮಮ್ಮನ ಹಾಗೆ. ಇದು ತಕ್ಕಡಿ, ಲಾರಿ ಬಂದಾಗ ಮಾತ್ರ. ಈ ಮೂರನೇದು ನಿಮ್ಮ ಗ್ಯಾಸು. ತಡೆದು ತಡೆದು ಒಂದೊಂದು ಸಲ ಮಿಣುಕುತ್ತೆ."

"ಜಪ ಮಾಡೋ ಹಾಗೆ," ಎಂದಿದ್ದೆ ನಾನು.

"ಹೂಂ, ನಿನ್ನ ಹಾಗೆ. ಎಲ್ಲಾ ಒಟ್ಟಿಗೆ ಮಾತ್ರ ಯಾವತ್ತೂ ಮಿಣುಕಲ್ಲ. ಎಲ್ಲರೂ ಒಟ್ಟಿಗೆ ಕೂಗಿದ್ರೆ ಯಾರ ಮಾತು ಯಾರಿಗೆ ಕೇಳುತ್ತೆ?"

ಆರನೆಯ ತೂತಿಗೆ ಒಂದು ನೀಲಿ ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಪಕ್ಕದ ಮೊಳೆಗೆ ನೇತುಹಾಕಿದ್ದಳು. ಪರೀಕ್ಷೆಗೆ ಬಂದಾಗ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಳ್ಳಲು. ಅವಳು ಹೋದ ಮೇಲೆ ನಾನು ಆಗಾಗ ಆ ಆಫೀಸಿಗೆ ಹೋಗಿ ಕೂರುತ್ತಿದ್ದೆ. ಮೊದಲಾಳಿ ಏನೂ ಕೇಳುತ್ತಿರಲಿಲ್ಲ. ಮೊಳೆಯಲ್ಲಿ ನೇತಾಡುವ ನೀಲಿ ತುದಿಯನ್ನೂ ಜಪ ಮಾಡುವ ಮೂರನೆಯ ದೀಪವನ್ನೂ ನೋಡಿಕೊಂಡು ಎದ್ದು ಬರುತ್ತಿದ್ದೆ.

ನಮ್ಮಲ್ಲಿ ಪೂಜೆಯ ದಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಗಂಧ ಕುಂಕುಮ ಇಟ್ಟು ಮಲಗಿಸುತ್ತೇವೆ. ಮರುದಿನ ವಿಜಯದಶಮಿಯ ಬೆಳಿಗ್ಗೆ ಆರತಿ ಎತ್ತಿದ ಮೇಲೇ ಅವನ್ನು ಎಬ್ಬಿಸುವುದು. ಯಂತ್ರ ಎದ್ದು ಒಂದಿಷ್ಟು ಹೊತ್ತು ಓಡಿದ ಮೇಲೆ ಶೀತಲ ಕೋಣೆಯ ಮುಂದೆ ಬೂದುಗುಂಬಳಕ್ಕೆ ಕರ್ಪೂರ ಹಚ್ಚಿ ದೃಷ್ಟಿ ತೆಗೆದು, ಕದ ತೆರೆದು ವರ್ಷದ ಮೊದಲ ಐಸ್ ಎಳೆಯುತ್ತಾರೆ.

ಕದ ತೆರೆಯುವ ಕೆಲಸ ನನ್ನ ಅಳಿಯ, ಇಸಕ್ಕಿಯ ಗಂಡ ಲಿಂಗದುರೈಯದು. ನಾನು ಬಿಟ್ಟ ಕೆಲಸವನ್ನು ಹಿಡಿದವನು ಅವನು, ನಮ್ಮ ಮನೆಯಲ್ಲೇ ಇದ್ದವನು. ಸೂತಕದವನಾದ್ದರಿಂದ ಆರತಿಗೆ ಬರಲಿಲ್ಲ. ಆದರೆ ಕದಕ್ಕೆ ಸೂತಕವಿಲ್ಲವಲ್ಲ. ಆ ದಿನ ಮನೆಯಿಂದ ಹೊರಡುವಾಗ ಆರು ವರ್ಷದ ಮೊಮ್ಮಗಳು ಪೇಚ್ಚಿ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ತಾಯಿ ಹೋದ ಮೇಲೆ ಅವಳಿಗೆ ಅದೊಂದು ಅಭ್ಯಾಸವಾಗಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಪುರಿ ಕಡಲೆ ತರ್ತೀನಿ ಕಣವ್ವ, ಬಿಡು," ಎಂದು ಹೇಳಿ ಬಂದಿದ್ದ.

ನಾನು ಆಫೀಸಿನ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಗಂಟೆಯ ಸದ್ದು, ಕರ್ಪೂರದ ವಾಸನೆ. ಆಮೇಲೆ ಸೊರಿಮುತ್ತುವಿನ ದನಿ ಕೇಳಿಸಿತು.

"ಮೊದಲಾಳಿ, ಇಲ್ಲಿ ನೋಡಿ, ಇಲ್ಲಿ ನೋಡಿ. ಪೆಟ್ಟಿಗೆ ಹೆಂಗೆ ಕುಣೀತಿದೆ."

ಗಂಟೆ ಇನ್ನೂ ಜೋರಾಗಿ ಮೊಳಗಿತು. ಆರತಿ ಮುಗಿಯಿತು. ಆಚೆ ಯಂತ್ರದ ಮನೆಯಲ್ಲಿ ಕಂಪ್ರೆಸರ್ ಗುಡುಗಿ ಎದ್ದು ಓಡತೊಡಗಿತು. ಸೊರಿಮುತ್ತು ಬೂದುಗುಂಬಳ ಹೊತ್ತು ಹೊರಬಂದವನು ನನ್ನ ಮುಂದೆ ನಿಂತ. ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು.

"ಚೆಲ್ಲಯ್ಯಾ ಅಣ್ಣಾಚ್ಚಿ, ಇಷ್ಟು ವರ್ಷ ನೀವು ಪೂಜೆ ಮಾಡಿದ್ರಿ, ದೇವಿ ಒಂದು ಸಲ ಕಣ್ಣು ಮಿಟುಕಿಸಿದ್ಳಾ? ನಾನು ಒಂದೇ ಸಲ ಮಾಡ್ದೆ, ದೀಪ ದೀಪಾನೇ ಕುಣಿಸಿಬಿಟ್ಳು."

"ನಿನ್ನ ಹೊಟ್ಟೆ ನೋಡಿ ನಕ್ಕಿರಬೇಕು," ಎಂದೆ.

"ಹೊಟ್ಟೆಕಿಚ್ಚು ನಿಮಗೆ. ಹೋಗಿ ನೋಡಿ. ಮುಟ್ಟಬೇಡಿ, ಅಷ್ಟೇ."

ಒಳಗೆ ಯಂತ್ರದ ಸದ್ದಿಗೆ ಗಾಜಿನ ಕಿಟಕಿ ನಡುಗುತ್ತಿತ್ತು. ಮೊದಲಾಳಿ ಮೇಜಿನ ಹಿಂದೆ ಕೈಮುಗಿದುಕೊಂಡೇ ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಬನ್ನಿ ಅಣ್ಣಾಚ್ಚಿ. ನಿಮ್ಮ ಮಗಳು ಕೂರಿಸಿದ ಪೆಟ್ಟಿಗೆ. ಆರತಿ ಎತ್ತಿದ ಗಳಿಗೆಗೇ ಶುರುವಾಯ್ತು. ಅವಳೇ ಬಂದು ಹೋದ್ಳೋ ಏನೋ ಅನ್ನಿಸ್ತು ನನಗೆ."

ನಾನು ತಲೆಯೆತ್ತಿ ನೋಡಿದೆ. ಕಪ್ಪು ಪೆಟ್ಟಿಗೆಗೆ ಗಂಧದ ಮೂರು ಗೆರೆ, ನಡುವೆ ಕುಂಕುಮ. ಅದರ ಕೆಳಗೆ ದೀಪಗಳೆಲ್ಲ ಒಂದೇ ಉಸಿರಿಗೆ ಹೊತ್ತಿ ಆರಿ ಹೊತ್ತಿ ಆರಿ, ಎಣಿಸಲಾಗದಷ್ಟು ವೇಗವಾಗಿ ಮಿಣುಕುತ್ತಿದ್ದವು. ನೋಡಲು ಚೆಂದವಿತ್ತು. ಇಸಕ್ಕಿ, ಬಂದೆಯಾ ತಾಯಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಭ್ಯಾಸದಂತೆ ಕಣ್ಣು ಮೂರನೆಯ ದೀಪವನ್ನು ಹುಡುಕಿತು, ಅದರ ಜಪ ಎಣಿಸಲು.

ಅದು ಜಪ ಮಾಡುತ್ತಿರಲಿಲ್ಲ. ಉಳಿದವುಗಳ ಜೊತೆ ಅದೂ ಅರಚುತ್ತಿತ್ತು.

ಲಾರಿ ಬಾರದೆ ತಕ್ಕಡಿಯ ದೀಪವೂ ಅರಚುತ್ತಿತ್ತು. ಯಾವಾಗಲೂ ಆರಿಯೇ ಇರುತ್ತಿದ್ದ ಆರನೆಯ ಮತ್ತು ಏಳನೆಯ ದೀಪಗಳೂ ಇಂದು ಹೊತ್ತಿದ್ದವು. ಮೊಳೆಯ ಕಡೆ ನೋಡಿದೆ. ಅಲ್ಲಿ ದೇವಿಯ ಪಟ ತೂಗುತ್ತಿತ್ತು, ಸೇವಂತಿಗೆ ಹಾರದ ಸಮೇತ. ನನ್ನ ಮಗಳ ನೀಲಿ ಕೇಬಲ್ ಆರನೆಯ ತೂತಿನಿಂದ ಹೊರಟು, ಬಳೆಯಂತೆ ಬಾಗಿ, ಅದೇ ಪೆಟ್ಟಿಗೆಯ ಏಳನೆಯ ತೂತಿನೊಳಗೆ ಹೋಗಿ ಕೂತಿತ್ತು. ಪೆಟ್ಟಿಗೆ ತನ್ನ ಮಾತನ್ನು ತನಗೇ ಕೂಗಿಕೊಳ್ಳುತ್ತಿತ್ತು, ಆ ಗದ್ದಲದಲ್ಲಿ ಉಳಿದ ಯಾರ ಮಾತೂ ಮುಂದೆ ಹೋಗುತ್ತಿರಲಿಲ್ಲ.

"ಈ ನೀಲಿ ತಂತಿ ಯಾರು ಸಿಕ್ಕಿಸಿದ್ದು ಮೊದಲಾಳಿ?"

"ಸೊರಿಮುತ್ತು. ಆರತಿ ಎತ್ತೋ ಹೊತ್ತಿಗೆ ಪಟಕ್ಕೆ ಮೊಳೆ ಬೇಕಿತ್ತು. ತುದಿ ದೇವಿ ಮುಂದೆ ಜೋಲಾಡ್ತಿತ್ತು, ಲಕ್ಷಣವಾಗಿರಲಿ ಅಂತ ಖಾಲಿ ತೂತಿಗೆ ಹಾಕ್ದ. ಯಾಕೆ?"

ನಾನು ಪರದೆಯ ಕಡೆ ತಿರುಗಿದೆ. ಮೇಜಿನ ಮೇಲಿನ ಪರದೆಯ ಒಂದು ಮೂಲೆಯಲ್ಲಿ ಶೀತಲ ಕೋಣೆಯ ಗ್ಯಾಸಿನ ಲೆಕ್ಕವಿತ್ತು. ನಾಲ್ಕು. ಇಪ್ಪತ್ತೈದು ದಾಟಿದರೆ ಆಫೀಸಿನ ಸೈರನ್ ಕೂಗುತ್ತದೆ, ಕದ ತೆರೆಯುವಂತಿಲ್ಲ. ನಾಲ್ಕು ಎಂದರೆ ಏನೂ ಇಲ್ಲ. ಆದರೆ ಆ ಅಂಕಿ ಮೂರಕ್ಕೆ ಇಳಿದು ಐದಕ್ಕೆ ಏರಿ ಸದಾ ಓಲಾಡುತ್ತಿರುವುದನ್ನು ನಾನು ಎಷ್ಟೋ ದಿನ ನೋಡಿದ್ದೆ. ಈಗ ಅದು ಅಲುಗಲಿಲ್ಲ. ಪಕ್ಕದಲ್ಲಿ ಕ್ಯಾಮೆರಾ ತೋರಿಸುವ ಅಂಗಳದ ಚಿತ್ರ. ಅದರಲ್ಲಿ ಲಿಂಗದುರೈ ನಲ್ಲಿಯ ಹತ್ತಿರ ಬಗ್ಗಿ ಕೈ ತೊಳೆಯುತ್ತಿದ್ದ. ಒಂದು ಕಾಗೆ ಗೋಡೆಯಿಂದ ಹಾರಿ ರೆಕ್ಕೆ ಬಿಚ್ಚಿ ಗಾಳಿಯಲ್ಲೇ ನಿಂತಿತ್ತು.

ಆಗಲೇ ಅಂಗಳದ ಆ ತುದಿಯಿಂದ, ಶೀತಲ ಕೋಣೆಯ ಮುಂದಿನಿಂದ, ಅಳಿಯನ ದನಿ ಕೇಳಿಸಿತು.

"ನಂಬರ್ ಎಷ್ಟು ಮೊದಲಾಳಿ?"

ಚಿತ್ರದಲ್ಲಿ ಅವನು ಇನ್ನೂ ನಲ್ಲಿಯ ಹತ್ತಿರವೇ ಇದ್ದ.

"ನಾಲ್ಕು. ತೆಗಿ," ಎಂದು ಮೊದಲಾಳಿ ಕಿಟಕಿಯಿಂದ ಕೂಗಿದರು.

"ಬೇಡ. ತೆಗೀಬೇಡ ಅನ್ನಿ," ಎಂದೆ. ನನ್ನ ದನಿ ಕಿಟಕಿ ದಾಟಲಿಲ್ಲ. ಹೊರಗೆ ಕಂಪ್ರೆಸರಿನ ಗುಡುಗು.

"ಏನಾಯ್ತು ಅಣ್ಣಾಚ್ಚಿ? ಒಳ್ಳೆ ಗಳಿಗೇಲಿ ಅಪಶಕುನ ಆಡ್ತೀರಲ್ಲ."

"ಆ ನಾಲ್ಕು ಈಗಿಂದಲ್ಲ. ಯಂತ್ರ ಎದ್ದೇಳೋಕೆ ಮುಂಚಿನದು. ಪರದೆ ಸತ್ತು ಬಿದ್ದಿದೆ. ಕೂಗಿ ಮೊದಲಾಳಿ, ಕೂಗಿ ಅವನನ್ನ."

ಅವರು ಪರದೆಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಹಾರಲಾರದ ಕಾಗೆಯನ್ನು ನೋಡಿದರು. ನಾನು ಕಾಯಲಿಲ್ಲ. ಸ್ಟೂಲು ಹತ್ತಿದೆ. ಸೂತಕದ ಕೈ, ಪೂಜೆಗೊಂಡ ವಸ್ತು. ತಾಯಿ, ಕ್ಷಮಿಸು ಎಂದು ಹೇಳಿ, ನೀಲಿ ಕೇಬಲ್ಲಿನ ತುದಿಯನ್ನು ಏಳನೆಯ ತೂತಿನಿಂದ ಕಿತ್ತೆ. ಬೆರಳಿಗೆ ಕುಂಕುಮ ಮೆತ್ತಿತು.

ದೀಪಗಳ ಕುಣಿತ ನಿಂತಿತು. ಆರನೆಯದೂ ಏಳನೆಯದೂ ನಂದಿದವು. ಉಳಿದವು ಮಿಣುಕದೆ ನೆಟ್ಟ ದೃಷ್ಟಿಯಲ್ಲಿ ಉರಿಯುತ್ತ ನಿಂತವು, ಆಸ್ಪತ್ರೆಯ ಆ ದೀಪದ ಹಾಗೆ. ನಾನು ಮೂರನೆಯದನ್ನೇ ನೋಡುತ್ತಿದ್ದೆ. ತಂತಿ ಕೂಡಿದೆ, ಅಷ್ಟೇ. ಆ ಕಡೆ ಏನಿದೆ ಎಂದು ಅದು ಹೇಳುತ್ತಿರಲಿಲ್ಲ. ಮೊದಲಾಳಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಲಿಂಗದುರೈ, ನಿಲ್ಲು, ಕದ ಮುಟ್ಟಬೇಡ," ಎಂದು ಕೂಗುತ್ತಿದ್ದರು. ಕ್ಯಾಮೆರಾದ ದೀಪ ಮಿಣುಕಿತು. ಪರದೆಯಿಂದ ಕಾಗೆ ಮಾಯವಾಯಿತು, ನಲ್ಲಿಯ ಹತ್ತಿರ ಯಾರೂ ಇರಲಿಲ್ಲ.

ಮೂರನೆಯ ದೀಪ ಒಮ್ಮೆ ಮಿಣುಕಿತು.

ನಾಲ್ಕು ಇದ್ದ ಜಾಗದಲ್ಲಿ ಮುನ್ನೂರ ಎಪ್ಪತ್ತು ಬಂತು. ನಮ್ಮ ತಲೆಯ ಮೇಲೆಯೇ ಸೈರನ್ ಕೂಗಿತು.

ನಾನು ಓಡಿದೆ. ನನ್ನ ವಯಸ್ಸಿನವರ ಓಟ ಎಷ್ಟೆಂದು ದೇವರಿಗೇ ಗೊತ್ತು. ಅಂಗಳ ದಾಟುವಷ್ಟರಲ್ಲಿ ವಾಸನೆ ಕಣ್ಣಿಗೆ ಚುಚ್ಚಿತು. ಲಿಂಗದುರೈ ಅಗುಳಿಯನ್ನು ಆಗಲೇ ಎತ್ತಿಬಿಟ್ಟಿದ್ದ. ಕದ ಒಂದು ಗೇಣು ತೆರೆದಿತ್ತು, ಅಲ್ಲಿಂದ ಬೆಳ್ಳಗೆ ಹೊಗೆಯಂಥದು ನೆಲ ಹಿಡಿದು ಬರುತ್ತಿತ್ತು. ಅವನ ಹಿಂದೆ ಸೊರಿಮುತ್ತು ಹೊತ್ತಿದ ಕರ್ಪೂರದ ಬೂದುಗುಂಬಳ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಆ ಗ್ಯಾಸು ದಟ್ಟವಾಗಿದ್ದರೆ ಬೆಂಕಿಯೂ ಹಿಡಿಯುತ್ತದೆ.

ಸೈರನ್ನಿನ ಕೂಗಿನ ನಡುವೆ ಅಳಿಯ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಹಿಂದಕ್ಕೆ ಒದ್ದ ಕಾಲು ತಗುಲಿ ಬೂದುಗುಂಬಳ ಸೊರಿಮುತ್ತುವಿನ ಕೈಯಿಂದ ಚರಂಡಿಗೆ ಉರುಳಿತು, ಕರ್ಪೂರ ನೀರಿನಲ್ಲಿ ಚುಯ್ ಎಂದಿತು. ಆಮೇಲೆ ಅವನು ಕಣ್ಣು ಮುಚ್ಚಿ, ಓಡುವ ಬದಲು ಹೆಗಲು ಕೊಟ್ಟು ಕದವನ್ನು ತಳ್ಳಿದ. ಅಗುಳಿ ಬಿತ್ತು. ಅವನೂ ಬಿದ್ದ.

ನಲ್ಲಿಯ ಹತ್ತಿರಕ್ಕೆ ಎಳೆದು ತಂದು ಮುಖಕ್ಕೆ ನೀರು ಬಿಟ್ಟೆವು. ನಿಲ್ಲಿಸದೆ ಬಿಟ್ಟೆವು. ಸೊರಿಮುತ್ತು ಪಕ್ಕದಲ್ಲಿ ಕೂತು ಕೆಮ್ಮುತ್ತ, "ಲಕ್ಷಣವಾಗಿರಲಿ ಅಂತ ಹಾಕ್ದೆ ಅಣ್ಣಾಚ್ಚಿ, ಲಕ್ಷಣವಾಗಿರಲಿ ಅಂತ," ಎಂದು ಅದನ್ನೇ ಹೇಳುತ್ತಿದ್ದ. ಅವನನ್ನು ಬಯ್ಯುವ ಹಕ್ಕು ನನಗಿರಲಿಲ್ಲ. ಅದೇ ದೀಪಗಳನ್ನು ನೋಡಿ ನಾನೂ ಕೈಮುಗಿಯುವುದರಲ್ಲಿದ್ದೆ.

ಕಣ್ಣಿನ ಆಸ್ಪತ್ರೆಯಲ್ಲಿ ಲಿಂಗದುರೈಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಜೀವಕ್ಕೆ ಭಯವಿಲ್ಲ ಎಂದರು. ಕಣ್ಣಿನ ಮಾತು ಶುಕ್ರವಾರ ಪಟ್ಟಿ ಬಿಚ್ಚಿದ ಮೇಲೆ ಎಂದರು. ಪೇಚ್ಚಿ ಮಂಚದ ಪಕ್ಕ ನಿಂತು ಅವನ ಅಂಗಿಯ ತುದಿ ಹಿಡಿದುಕೊಂಡೇ ನಿದ್ದೆಗೆ ಜಾರಿದಳು. ಅವಳನ್ನು ಎತ್ತಿ ಅವನ ಪಕ್ಕದಲ್ಲಿ ಮಲಗಿಸಿದೆ.

"ಮಾಮಾ," ಎಂದ ಲಿಂಗದುರೈ, "ನನ್ನ ತಲೆ ಹತ್ತಿರ ಏನೋ ಯಂತ್ರ ಇಟ್ಟಿದಾರಲ್ಲ. ಅದರ ದೀಪ ಉರೀತಿದೆಯಾ?"

ಉರಿಯುತ್ತಿತ್ತು. ಹಸಿರಾಗಿ, ನೆಟ್ಟಗೆ, ಒಂದಿಷ್ಟೂ ಅಲುಗದೆ.

"ದೀಪದ ಸುದ್ದಿ ಬಿಡು ಮಾಪಿಳ್ಳೆ," ಎಂದೆ. "ಕೈ ಕೊಡು ಇಲ್ಲಿ."

ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕೂತೆ. ಅದು ತನ್ನ ಪಾಡಿಗೆ, ಒಂದಾದ ಮೇಲೆ ಒಂದು, ಬಡಿಯುತ್ತಿತ್ತು. ನಾನು ಬೇರೆ ಜಪ ಮಾಡಲಿಲ್ಲ.