ಯಾರ ಕೈಗೆ ಕುಕ್ಕರ್

ಚಳಿ ಆಗ ತಾನೇ ಬಲಿಯುತ್ತಿದ್ದ ಕಾಲ, ವರ್ಷದ ಕೊನೆಯ ರಜೆಯ ಮೊದಲ ದಿನ, ಸಂಜೆ ಚಹಾದ ಹೊತ್ತು. ಸೈಕಲ್ ರಿಪೇರಿಯವನ ಮನೆಯಲ್ಲಿ ಊಟದ ಮೇಜಿನ ಮೇಲೆ ನಾಲ್ಕು ಉಡುಗೊರೆಗಳಿದ್ದವು. ಸುತ್ತ ಅವನು, ಅವನ ಹೆಂಡತಿ, ಅಪ್ಪ, ಅಮ್ಮ. ಹೆಂಡತಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಆ ಮನೆಯ ಪದ್ಧತಿ ಅತ್ತೆ ಹಾಕಿಕೊಟ್ಟದ್ದು. ಯಾರು ಏನು ತರಬೇಕೆಂದು ಮೊದಲೇ ಗುಟ್ಟಾಗಿ ಚೀಟಿ ಎತ್ತುವುದು. ಎರಡು ಚಳಿಗೆ ಬೆಚ್ಚಗಿನ ಸಾಮಾನು, ಎರಡು ಮನೆಗೆಲಸದ್ದು. ತಂದದ್ದನ್ನೆಲ್ಲ ಸುತ್ತಿ ಮೇಜಿನ ಮೇಲಿಟ್ಟು, ಸರದಿ ಪ್ರಕಾರ ಒಂದೊಂದು ಎತ್ತಿಕೊಳ್ಳುವುದು. ಬೆಚ್ಚಗಿನದು ಸಿಕ್ಕವರಿಗೆ ಚಳಿ ಮುಗಿಯುವ ತನಕ ಆರಾಮ. ಪೊರಕೆ ಸಿಕ್ಕವರು ಗುಡಿಸಬೇಕು, ಬಾಣಲೆ ಸಿಕ್ಕವರು ಬೇಯಿಸಬೇಕು. ಸರದಿಯಲ್ಲಿ ಮಗ ಮೊದಲು, ಸೊಸೆ ಕೊನೆ. ಹಾಗಾಗಿ ಸೊಸೆ ಈ ಮನೆಗೆ ಕಾಲಿಟ್ಟಂದಿನಿಂದ ಬಾಣಲೆ, ತಪ್ಪಲೆ, ಸೌಟು ಎಲ್ಲ ಅವಳ ಪಾಲೇ.

ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯವರು ರಜೆ ಕೊಟ್ಟರೂ ಅಡುಗೆಮನೆ ಕೊಡುತ್ತಿರಲಿಲ್ಲ. ಅಕ್ಕನ ಮಗಳಿಗೆ ಹೆರಿಗೆಯಾಗಿ, ಕೂಸು ಆಗಲೇ ಮಗುಚಿಕೊಳ್ಳುತ್ತಿತ್ತು. ಇವಳಿನ್ನೂ ಅದರ ಮುಖ ನೋಡಿರಲಿಲ್ಲ. ಬೆಚ್ಚಗಿನದು ಸಿಕ್ಕರೆ ಗುರುವಾರ ಹೊರಡುವುದು. ಇಲ್ಲವೆಂದರೆ ಮುಂದಿನ ವರ್ಷ, ಅಷ್ಟು ಹೊತ್ತಿಗೆ ಕೂಸೇ ನಡೆದುಕೊಂಡು ಬಂದು ಬಾಗಿಲು ತೆಗೆಯುತ್ತದೆ.

ಅದಕ್ಕೇ ಹೋದ ವಾರ ಅತ್ತೆಯ ಹತ್ತಿರ ಕೇಳಿದ್ದಳು. “ಅತ್ತೇ, ಈ ಸಲ ಇವರ ಸರದಿ ನನಗಿರಲಿ, ನನ್ನದು ಇವರಿಗೆ.”

“ಆಗಲಿ ಕಣಮ್ಮ,” ಅಂದುಬಿಟ್ಟಿದ್ದರು ಅತ್ತೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಗಂಡನಿಗೆ ನೆತ್ತಿ ಹತ್ತಿತ್ತು.

ಈಗ ಮೇಜಿನ ಮೇಲೆ ಒಂದು ಉದ್ದನೆಯದು ಮಲಗಿತ್ತು. ಅದು ನೆಲ ಒರೆಸುವ ಕೋಲು, ಅವಳೇ ತಂದದ್ದು. ಎಷ್ಟು ಕಾಗದ ಸುತ್ತಿದರೂ ಅದರ ಗುಟ್ಟು ಮುಚ್ಚಿರಲಿಲ್ಲ. ಒಂದು ನೆಗ್ಗಿದ ಬಿಸ್ಕತ್ತಿನ ಡಬ್ಬ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಇನ್ನೊಂದು, ಹೊಟ್ಟೆ ತುಂಬ ಉಂಡು ಮಲಗಿದ ಬೆಕ್ಕಿನಂಥ ಮೆತ್ತನೆಯ ಗಂಟು. ಈ ಸಲ ಇನ್ನೊಂದು ಮನೆಗೆಲಸದ ಚೀಟಿ ಕುಕ್ಕರಿನದೆಂದು ಎಲ್ಲರಿಗೂ ಗೊತ್ತಿತ್ತು, ತಂದವರು ಯಾರೆಂದು ಮಾತ್ರ ಗುಟ್ಟು. ಇವುಗಳಲ್ಲೇ ಎಲ್ಲೋ ಅದು ಇತ್ತು.

ಅವಳ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಕುಕ್ಕರಿನ ಅಳತೆಯದೇ! ಕೈ ಹಿಂದೆ ಬಂತು.

“ಆ ಗಂಟು ತಗೋ,” ಅಂದ ಗಂಡ, ಜೇನು ಸವರಿದ ದನಿಯಲ್ಲಿ. “ಮೆತ್ತಗಿದೆ. ಪಾಪ, ಚಳೀಲಿ ಎಷ್ಟು ನಡುಗ್ತೀಯ.”

ಅವಳ ಮನಸ್ಸು ಒಂದು ಗಳಿಗೆ ಕರಗಿತು. ಇಷ್ಟು ವರ್ಷದಲ್ಲಿ ಈ ಮನುಷ್ಯ ಅವಳ ನಡುಕ ನೋಡಿದ್ದೇ ಇಲ್ಲ, ಇವತ್ತಾದರೂ ನೋಡಿದನಲ್ಲ! ಕೈ ಗಂಟಿನ ಹತ್ತಿರ ಹೋಯಿತು. ಆಗ ಅದಕ್ಕೆ ಕಟ್ಟಿದ ದಾರ ಕಂಡಿತು. ದಾರವಲ್ಲ, ಸೈಕಲ್ ಟ್ಯೂಬ್ ಸೀಳಿದ ಪಟ್ಟಿ. ಅವನು ಬುತ್ತಿ ಡಬ್ಬಿಗೂ ಅದನ್ನೇ ಕಟ್ಟುತ್ತಿದ್ದ, ಕೊಡೆಗೂ ಅದನ್ನೇ. ಅಂದರೆ ಇದು ಅವನೇ ತಂದ ಗಂಟು. ಒಳಗಿರುವುದು ನಿಜವಾಗಿ ಬೆಚ್ಚಗಿನದಾಗಿದ್ದರೆ ಇಷ್ಟು ಹೊತ್ತಿಗೆ ಅವನೇ ಅದರ ಮೇಲೆ ಕೂತಿರುತ್ತಿದ್ದ.

ಅವಳು ಗಬಕ್ಕನೆ ಡಬ್ಬ ಎತ್ತಿಕೊಂಡಳು. ಮುಚ್ಚಳ ತೆಗೆದರೆ ಉಣ್ಣೆಯ ಕಾಲುಚೀಲ!

“ಅಯ್ಯೋ, ಅದು ನನ್ನ ಕಾಲಿನ ಅಳತೆಗೆ ತಂದಿದ್ನಲ್ಲೇ!” ಅಂದರು ಮಾವ.

“ಇರಲಿ ಮಾವ, ಮೊಣಕಾಲಿಗೂ ಬರುತ್ತೆ.”

ಮಾವನ ಸರದಿ. “ಅಪ್ಪಾ, ಗಂಟು ತಗೊಳ್ಳಿ,” ಅಂದ ಮಗ. “ನಿಮ್ಮ ಕೀಲುನೋವಿಗೆ ಒಳ್ಳೇದು.”

ಮಾವ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಟ್ಟರು. ಪಟಾರೆಂದು ಸದ್ದಾಯಿತು. “ಇದು ಮುಂದಿನ ಚಕ್ರದ್ದೋ ಹಿಂದಿನದ್ದೋ?” ಅಂದವರೇ ನೆಲ ಒರೆಸುವ ಕೋಲು ಹಿಡಿದು ಎದ್ದರು. “ನನಗೆ ಇದೇ ಸಾಕಪ್ಪ. ಕಣ್ಣಿಗೆ ಕಾಣೋ ಕಷ್ಟ.”

ಮಗ ತಾಯಿಯ ಕಡೆ ತಿರುಗಿ ಬಾಯಿ ತೆರೆದ.

“ಬಾಯಿ ಮುಚ್ಚೋ,” ಅಂದರು ಅತ್ತೆ. ಪೆಟ್ಟಿಗೆಯಿಂದ ತಾವೇ ತಂದಿದ್ದ ಕಂಬಳಿ ತೆಗೆದು ನಿಧಾನವಾಗಿ ಹೊದ್ದುಕೊಂಡರು.

ಉಳಿದ ಗಂಟನ್ನು ಗಂಡನೇ ಬಿಚ್ಚಬೇಕಾಯಿತು. ಮೇಲೆ ಹಳೆಯ ರಜಾಯಿ, ಅದರೊಳಗೆ ಅವನದೇ ಸ್ವೆಟರ್, ಅದರೊಳಗೆ ಫಳಫಳನೆ ಕುಕ್ಕರ್.

“ರಜಾಯಿಯೂ ಇದೆಯಲ್ಲಮ್ಮ! ಬೆಚ್ಚಗಿನದು ಸಿಕ್ಕಿದ ಹಾಗೇ ಲೆಕ್ಕ.”

“ಅದು ಕುಕ್ಕರಿಗೆ ಚಳಿಯಾಗದಿರಲಿ ಅಂತ ಹೊದಿಸಿದ್ದು,” ಅಂದರು ಅತ್ತೆ.

“ಇದಕ್ಕೆ ಸೀಟಿಯೇ ಇಲ್ಲ ನೋಡಿ! ಕೆಟ್ಟ ಮಾಲು, ವಾಪಸ್ ಕೊಡ್ಬೇಕು,” ಎಂದು ಅವನು ರೋಷದಿಂದ ಎದ್ದ. ಜೇಬಿನಿಂದ ಸೀಟಿ ಠಣ್ಣೆಂದು ನೆಲಕ್ಕೆ ಬಿತ್ತು. ಅಲುಗಾಡಿ ಸದ್ದು ಮಾಡದಿರಲೆಂದು ಅವನೇ ತೆಗೆದಿಟ್ಟುಕೊಂಡಿದ್ದ.

ಸೊಸೆ ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಅವನ ಅಂಗೈಯಲ್ಲಿಟ್ಟಳು. “ಮೂರು ಕೂಗಿದ ಮೇಲೆ ಇಳಿಸಿ. ಆವಿ ಹೋಗೋ ತನಕ ಮುಚ್ಚಳ ಮುಟ್ಟಬೇಡ್ರೀ.”

“ನೀನು ನಿಜವಾಗ್ಲೂ ಹೋಗ್ತೀಯಾ?”

“ಕೂಸು ನನ್ನ ಹೆಸರು ಹಿಡಿದು ಅಳ್ತಾ ಇದೆಯಂತೆ.”

“ಅದಕ್ಕೆ ಮಾತೇ ಬರಲ್ವಲ್ಲೇ!”

“ಅದಕ್ಕೇ ಅಳ್ತಿರೋದು.”

ಗುರುವಾರ ಬೆಳಿಗ್ಗೆ ಅವಳು ಮಾವನ ಅಳತೆಯ ಕಾಲುಚೀಲವನ್ನು ತೊಡೆವರೆಗೂ ಏರಿಸಿಕೊಂಡು ಹೊರಟಳು. ಶುಕ್ರವಾರ ಗಂಡ ಆಲೂಗಡ್ಡೆ ಬೇಯಿಸಿದ. ಅರ್ಧ ಕುಕ್ಕರಿನ ತಳಕ್ಕೆ, ಅರ್ಧ ಗೋಡೆಗೆ ಅಂಟಿತು. ಗೋಡೆ ಒರೆಸುವುದು ನೆಲ ಒರೆಸುವವರ ಕೆಲಸವೋ ಅಲ್ಲವೋ ಎಂದು ಮಾವ ಅತ್ತೆಯನ್ನು ಕೇಳಿದರು. ಅತ್ತೆ ಕಂಬಳಿ ಮಡಚತೊಡಗಿದರು.

ಕೂಸನ್ನು ನೋಡಿಬರುತ್ತೇವೆ ಅಂತ ಹೇಳಿ, ಶನಿವಾರ ಅವರಿಬ್ಬರೂ ಹೊರಟರು.